ಪಾಳಿಯ ಸೂಪರ್‌ವೈಸರ್ ಕಾರ್ಮಿಕರ ನಂಬಿಕೆ ಗಳಿಸುವ ಬಗೆ

ಗಂಗಾವತಿಯ ರೈಸ್ ಮಿಲ್ಲು, ಹತ್ತಿಯಿಂದ ಬೀಜ ಬೇರ್ಪಡಿಸುವ ರಾಯಚೂರಿನ ಜಿನ್ನಿಂಗ್ ಕಾರ್ಖಾನೆ, ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕ, ತೋರಣಗಲ್ಲು ಮತ್ತು ಕೊಪ್ಪಳದ ಸುತ್ತಲಿನ ಉಕ್ಕಿನ ಕಾರ್ಖಾನೆಗಳಲ್ಲಿ ದುಡಿಯುವ ಗುತ್ತಿಗೆ ತಂಡ, ಇವುಗಳಲ್ಲಿ ಯಾವುದನ್ನೇ ತೆಗೆದುಕೊಂಡರೂ ಕೆಲಸಗಾರನ ಕಣ್ಣಿಗೆ ದಿನವೂ ಬೀಳುವ ಆಡಳಿತವೆಂದರೆ ಪಾಳಿಯ ಸೂಪರ್‌ವೈಸರ್, ಮುಕಾದಮ ಅಥವಾ ಮೇಸ್ತ್ರಿ. ರಜೆ ಕೊಡುವವರು, ತಡೆಯುವವರು, ಹಾಜರಿ ಹಾಕುವವರು, ಭಾರದ ಕೆಲಸಕ್ಕೆ ಯಾರು ಹಗುರದ ಕೆಲಸಕ್ಕೆ ಯಾರು ಎಂದು ಹಂಚುವವರು ಅವರೇ. ಮಾಲೀಕರು ಎಷ್ಟೇ ಒಳ್ಳೆಯವರಾಗಿದ್ದರೂ ಅವರ ಒಳ್ಳೆಯತನ ಕೆಲಸಗಾರನನ್ನು ತಲುಪುವುದು ಈ ನಡುವಿನವರ ಬಾಯಿ ಮತ್ತು ಕೈಗಳ ಮೂಲಕ. ಆದ್ದರಿಂದ ಈ ಬರಹ ಮುಖ್ಯವಾಗಿ ಅವರಿಗಾಗಿ, ಜೊತೆಗೆ ಅವರನ್ನು ನೇಮಿಸುವ ಮಾಲೀಕರಿಗಾಗಿ.

ಆಯುಧ ಪೂಜೆಯ ದಿನ ಬಟ್ಟೆ, ಸಿಹಿ ಹಂಚಿದರೆ ಸಂತೋಷವೇನೋ ಆಗುತ್ತದೆ, ಅದನ್ನು ಖಂಡಿತ ಮಾಡಬೇಕು. ಆದರೆ ನಂಬಿಕೆ ಬೆಳೆಯುವ ಜಾಗಗಳು ಬೇರೆ. ಕೆಟ್ಟ ಸುದ್ದಿ ತಂದವನ ಜೊತೆ ಸೂಪರ್‌ವೈಸರ್ ಹೇಗೆ ನಡೆದುಕೊಂಡರು, ಕೊಟ್ಟ ಸಣ್ಣ ಮಾತನ್ನು ಉಳಿಸಿಕೊಂಡರೋ ಇಲ್ಲವೋ, ಈ ಎರಡನ್ನು ಕೆಲಸಗಾರರು ಸದಾ ಗಮನಿಸುತ್ತಿರುತ್ತಾರೆ. ಅವರ ನಿದ್ರೆ, ಹಸಿವು, ರಕ್ತದೊತ್ತಡ, ಮನೆಯಲ್ಲಿ ಹೆಂಡತಿ ಮಕ್ಕಳ ಜೊತೆಗಿನ ಮಾತು ಇವೆಲ್ಲದರ ಮೇಲೂ ಇದರ ಪರಿಣಾಮ ಬೀಳುತ್ತದೆ.

ಗದರಿಕೆ ಮೈಗೆ ಹತ್ತುವುದು ಹೇಗೆ

ಬೈಗುಳ ಆ ಹೊತ್ತಿಗಷ್ಟೇ, ಮರುದಿನ ಮರೆತುಹೋಗುತ್ತದೆ ಎಂದು ನಂಬಿರುವ ಹಿರಿಯ ಸೂಪರ್‌ವೈಸರ್‌ಗಳು ನಮ್ಮ ಭಾಗದಲ್ಲಿ ಬಹಳ ಮಂದಿ ಇದ್ದಾರೆ. ಈ ನಂಬಿಕೆ ಸರಿಯಲ್ಲ. ಅಮೆರಿಕದ ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೆಲಸದ ಒತ್ತಡ ಹೆಚ್ಚಿದ್ದು ಆ ಕೆಲಸವನ್ನು ಹೇಗೆ ಮಾಡಬೇಕೆಂದು ತೀರ್ಮಾನಿಸುವ ಅವಕಾಶ ಕಡಿಮೆ ಇದ್ದವರಲ್ಲಿ ಬಳಲಿಕೆ ಮತ್ತು ಖಿನ್ನತೆಯ ಲಕ್ಷಣಗಳು ಹೆಚ್ಚಾಗಿ ಕಾಣಿಸಿಕೊಂಡವು. ಒತ್ತಡ ಅಷ್ಟೇ ಇದ್ದರೂ ಕೆಲಸದ ಮೇಲೆ ಹಿಡಿತ ಇದ್ದವರ ಸ್ಥಿತಿ ಅವರಿಗಿಂತ ಚೆನ್ನಾಗಿತ್ತು. ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ 1985ರಲ್ಲಿ ಆರಂಭವಾದ ಎರಡನೆಯ ವೈಟ್‌ಹಾಲ್ ಅಧ್ಯಯನದಲ್ಲಿ, ಕೆಲಸದ ಮೇಲೆ ಹಿಡಿತ ಕಡಿಮೆ ಇದ್ದವರಿಗೆ ಹೃದ್ರೋಗದ ಅಪಾಯ ಹೆಚ್ಚು ಎಂಬುದು ಕಂಡುಬಂತು. ಆ ನೌಕರರೆಲ್ಲ ಕುರ್ಚಿಯ ಮೇಲೆ ಕುಳಿತು ಕೆಲಸ ಮಾಡುವವರು, ಖಾಯಂ ಸಂಬಳ ಪಡೆಯುವವರು. ಹತ್ತಿಯ ಧೂಳಾಗಲಿ ಕುಲುಮೆಯ ಝಳವಾಗಲಿ ಅವರನ್ನು ಮುಟ್ಟಿರಲಿಲ್ಲ. ಅಂಥವರಿಗೇ ಹಾಗಾದರೆ, ಮೈಮುರಿಯುವ ದುಡಿಮೆಯ ಜೊತೆಗೆ ಹಿಡಿತವಿಲ್ಲದ ಅಸಹಾಯಕತೆಯನ್ನೂ ಹೊರುವವರ ಪಾಡನ್ನು ನಾವು ಊಹಿಸಬಹುದು.

ಜರ್ಮನಿಯ ಸಮಾಜಶಾಸ್ತ್ರಜ್ಞ ಯೋಹಾನ್ನೆಸ್ ಸೀಗ್ರಿಸ್ಟ್ 1996ರಲ್ಲಿ ಇದಕ್ಕೆ ಇನ್ನೊಂದು ಅಂಶವನ್ನು ಸೇರಿಸಿದರು. ಮನುಷ್ಯ ತಾನು ಹಾಕಿದ ಶ್ರಮಕ್ಕೂ ಪಡೆದ ಪ್ರತಿಫಲಕ್ಕೂ ಹೊಂದಾಣಿಕೆ ತಪ್ಪಿದಾಗ ಕಾಯಿಲೆ ಬೀಳುತ್ತಾನೆ ಎಂದು ಹೇಳಿದ ಅವರು ಪ್ರತಿಫಲದ ಲೆಕ್ಕದಲ್ಲಿ ಹಣದ ಜೊತೆಗೆ ಗೌರವವನ್ನೂ ಕೆಲಸದ ಭದ್ರತೆಯನ್ನೂ ಇಟ್ಟರು. ಕೂಲಿ ಹೆಚ್ಚಿಸುವುದು ಸೂಪರ್‌ವೈಸರ್ ಕೈಯಲ್ಲಿ ಇರಲಾರದು, ಆದರೆ ಗೌರವ ಪೂರ್ತಿ ಅವರ ಕೈಯಲ್ಲಿದೆ. ಖಿನ್ನತೆ ಮತ್ತು ಆತಂಕದಿಂದ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 1,200 ಕೋಟಿ ಕೆಲಸದ ದಿನಗಳು ನಷ್ಟವಾಗುತ್ತವೆ ಎಂದು ಅಂದಾಜು ಮಾಡಿರುವ ವಿಶ್ವ ಆರೋಗ್ಯ ಸಂಸ್ಥೆ, 2022ರ ಮಾರ್ಗಸೂಚಿಯಲ್ಲಿ ಮೇಲ್ವಿಚಾರಕರಿಗೆ ಈ ಬಗ್ಗೆ ತರಬೇತಿ ಕೊಡಬೇಕೆಂದು ಶಿಫಾರಸು ಮಾಡಿದ್ದು ಸುಮ್ಮನೆ ಅಲ್ಲ.

ನಿಮ್ಮ ರೀತಿ ಯಾವುದೆಂದು ಮೊದಲು ಗುರುತಿಸಿಕೊಳ್ಳಿ

ಮನೋವಿಜ್ಞಾನಿ ಕರ್ಟ್ ಲೆವಿನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು 1939ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹುಡುಗರ ಗುಂಪುಗಳಿಗೆ ಮೂರು ಬಗೆಯ ನಾಯಕರನ್ನು ಕೊಡಲಾಗಿತ್ತು: ಎಲ್ಲವನ್ನೂ ತಾನೇ ಹೇಳಿ ಮಾಡಿಸುವವರು, ಎಲ್ಲರನ್ನೂ ಕೇಳಿ ತೀರ್ಮಾನಿಸುವವರು, ಏನನ್ನೂ ಹೇಳದೆ ಬಿಟ್ಟುಬಿಡುವವರು. ಮೊದಲನೆಯ ಗುಂಪಿನಲ್ಲಿ ನಾಯಕ ಎದುರಿಗಿದ್ದಾಗ ಕೆಲಸ ಚೆನ್ನಾಗಿ ಸಾಗಿತು, ಅವರು ಹೊರಗೆ ಹೋದ ಕೂಡಲೇ ಕುಸಿಯಿತು. ಕೇಳಿ ನಡೆಸಿದ ಗುಂಪಿನಲ್ಲಿ ನಾಯಕ ಇಲ್ಲದಾಗಲೂ ಕೆಲಸ ಮುಂದುವರಿಯಿತು. ಮಕ್ಕಳ ಮೇಲಿನ ಪ್ರಯೋಗವನ್ನು ಕಾರ್ಖಾನೆಗೆ ಹಾಗೆಯೇ ತಂದು ಅಂಟಿಸಬಾರದು ಎಂಬುದು ನಿಜ. ಆದರೂ ರಾತ್ರಿ ಪಾಳಿಯಲ್ಲಿ ಸೂಪರ್‌ವೈಸರ್ ಊಟಕ್ಕೆ ಹೋದ ಅರ್ಧ ಗಂಟೆಯಲ್ಲಿ ಏನಾಗುತ್ತದೆ ಎಂಬುದನ್ನು ನೋಡಿದವರಿಗೆ ಈ ಫಲಿತಾಂಶ ಹೊಸದೆನಿಸುವುದಿಲ್ಲ.

ನಮ್ಮಲ್ಲಿ ಗದರುವವರ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಕೈಬಿಟ್ಟವರ ಬಗ್ಗೆ ಯಾರೂ ಮಾತಾಡುವುದಿಲ್ಲ. ಯಾರಿಗೂ ಏನೂ ಅನ್ನದೆ, ಜಗಳ ಬಂದರೆ 'ನೀವ ನೀವ ಬಗೆಹರಿಸಿಕೊಳ್ರಿ' ಎಂದು ಕ್ಯಾಬಿನ್ನಿಗೆ ಹೋಗಿ ಕುಳಿತುಕೊಳ್ಳುವ ಸೂಪರ್‌ವೈಸರ್ ಒಳ್ಳೆಯವರಂತೆ ಕಾಣುತ್ತಾರೆ. ಆದರೆ ಅವರ ಪಾಳಿಯಲ್ಲಿ ಬಲಿಷ್ಠರ ಮಾತೇ ನಡೆಯುತ್ತದೆ. ಹೊಸಬರು, ಹೆಣ್ಣುಮಕ್ಕಳು, ಬಿಹಾರ ಅಥವಾ ಒಡಿಶಾದಿಂದ ಬಂದು ಭಾಷೆ ಬಾರದೆ ಒದ್ದಾಡುವವರು ದಿನವೂ ತಗ್ಗಿ ನಡೆಯಬೇಕಾಗುತ್ತದೆ. ನನ್ನ ಪ್ರಕಾರ ಇದೂ ಗದರಿಕೆಯಷ್ಟೇ ಕೆಡುಕು.

ಖಡಾಖಂಡಿತ ಅಪ್ಪಣೆ ಬೇಕಾದ ಗಳಿಗೆಗಳೂ ಇವೆ. ಕಾದ ಲೋಹದ ಹತ್ತಿರ, ಓಡುವ ಬೆಲ್ಟಿನ ಹತ್ತಿರ, ಜಿನ್ನಿಂಗ್ ಅಂಗಳದಲ್ಲಿ ಹತ್ತಿಗೆ ಕಿಡಿ ಬಿದ್ದಾಗ ಚರ್ಚೆಗೆ ಹೊತ್ತಿರುವುದಿಲ್ಲ. ಆ ಹೊತ್ತಿನಲ್ಲಿ ಒಂದೇ ಮಾತಿಗೆ ಎಲ್ಲರೂ ಓಡಿ ಬರುವುದು, ಉಳಿದ ಹೊತ್ತಿನಲ್ಲಿ ಸಮಾಧಾನದಿಂದ ಮಾತಾಡಿಸಿದವರ ಕೂಗಿಗೆ ಮಾತ್ರ. ಇಡೀ ದಿನ ಕೂಗುವವರ ಕೂಗಿನಲ್ಲಿ ಅಪಾಯದ್ದು ಯಾವುದು ಎಂದು ಗೊತ್ತಾಗುವುದೇ ಇಲ್ಲ.

ನಂಬಿಕೆಯಲ್ಲಿ ಕೊರತೆ ಎಲ್ಲಿದೆ

ಮೇಯರ್, ಡೇವಿಸ್ ಮತ್ತು ಷೂರ್ಮನ್ ಎಂಬ ವಿದ್ವಾಂಸರು 1995ರಲ್ಲಿ ನಂಬಿಕೆಗೆ ಮೂರು ಆಧಾರಗಳನ್ನು ಗುರುತಿಸಿದರು. ಈ ಮನುಷ್ಯನಿಗೆ ಕೆಲಸ ಗೊತ್ತಿದೆಯೇ, ನನ್ನ ಹಿತ ಬಯಸುತ್ತಾನೆಯೇ, ಹೇಳಿದ್ದನ್ನು ಮಾಡುತ್ತಾನೆಯೇ ಎಂಬ ಮೂರು ಪ್ರಶ್ನೆಗಳ ರೂಪದಲ್ಲಿ ಅವನ್ನು ನಾವು ಇಟ್ಟುಕೊಳ್ಳಬಹುದು. ನಿಮ್ಮ ತಂಡ ನಿಮ್ಮನ್ನು ನಂಬುತ್ತಿಲ್ಲ ಎನಿಸಿದರೆ ಮೂರರಲ್ಲಿ ಯಾವುದು ಸಡಿಲಾಗಿದೆ ಎಂದು ನೋಡಿ, ಏಕೆಂದರೆ ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಡಿಪ್ಲೊಮಾ ಮುಗಿಸಿ ನೇರವಾಗಿ ಸೂಪರ್‌ವೈಸರ್ ಆಗಿ ಬಂದ ತರುಣನನ್ನು ಇಪ್ಪತ್ತು ವರ್ಷದ ಅನುಭವಿ ಆಪರೇಟರ್ ನಂಬದಿದ್ದರೆ ಅಲ್ಲಿ ಕೊರತೆ ಮೊದಲನೆಯದು. ಆ ತರುಣ ಯಂತ್ರದ ಮುಂದೆ ನಿಂತು 'ಕಾಕಾ, ಇದನ್ನ ನನಗೂ ತೋರ್ಸ್ರಿ' ಎಂದು ಕೇಳಿ ಕಲಿಯಬೇಕು, ಚಹಾ ಕುಡಿಸಿ ಸ್ನೇಹ ಮಾಡಿಕೊಂಡರೆ ಸಾಲದು. ಕೆಲಸ ಚೆನ್ನಾಗಿ ಗೊತ್ತಿದ್ದು ಯಾರ ಕಷ್ಟವನ್ನೂ ಕೇಳದವರಲ್ಲಿ ಕೊರತೆ ಎರಡನೆಯದು. ನಮ್ಮ ಜಿಲ್ಲೆಗಳಲ್ಲಿ ನಾನು ಅತಿ ಹೆಚ್ಚಾಗಿ ಕಂಡದ್ದು ಮೂರನೆಯದು, ಮಾತು ಕೊಟ್ಟು ಮರೆಯುವುದು.

ಕೆಟ್ಟ ಸುದ್ದಿ ಬಂದಾಗ ಮೊದಲ ಮಾತು

ಈ ಬರಹದಲ್ಲಿ ಒಂದನ್ನೇ ರೂಢಿಸಿಕೊಳ್ಳುವುದಾದರೆ ಇದನ್ನು ರೂಢಿಸಿಕೊಳ್ಳಿ. ರೈಸ್ ಮಿಲ್ಲಿನ ರಾತ್ರಿ ಪಾಳಿ ಎಂದಿಟ್ಟುಕೊಳ್ಳೋಣ. ಹೊರಗೆ ಲಾರಿ ನಿಂತಿದೆ, ಬೆಳಗಾಗುವುದರೊಳಗೆ ಲೋಡ್ ಆಗಬೇಕು. ಧಾನ್ಯವನ್ನು ಮೇಲಕ್ಕೆತ್ತುವ ಎಲಿವೇಟರ್ ನೋಡಿಕೊಳ್ಳುವ ಆಪರೇಟರ್ ಬಂದು ಹೇಳುತ್ತಾನೆ: 'ಸರ್ರ, ಎರಡನೇ ಎಲಿವೇಟರ್ ಬೇರಿಂಗ್ ಬಿಸಿ ಆಗೈತ್ರಿ, ಸದ್ದು ಮಾಡಾಕತೈತಿ.'

ನಾಲಿಗೆಯ ತುದಿಯಲ್ಲಿ ಸಿದ್ಧವಾಗಿರುವ ಉತ್ತರ ಎಲ್ಲರಿಗೂ ಗೊತ್ತು: 'ಈಗ ಹೇಳ್ತೀಯೇನೋ? ಇಷ್ಟೊತ್ತು ನಿದ್ದಿ ಮಾಡ್ತಿದ್ದೇನು?' ಈ ಉತ್ತರ ಕೇಳಿದವನು ಮುಂದಿನ ಸಲ ಬೇರಿಂಗ್ ಬಿಸಿಯಾದಾಗ ಹೇಳಲು ಬರುವುದಿಲ್ಲ. ಅದು ಪೂರ್ತಿ ಹಿಡಿದು, ಬೆಲ್ಟ್ ಹರಿದು, ಮಿಲ್ಲು ನಿಂತ ಮೇಲೆ 'ನನಗ ಗೊತ್ತಾಗ್ಲಿಲ್ರಿ' ಎನ್ನುತ್ತಾನೆ. ಆ ನಡುವಿನ ಎರಡು ಮೂರು ಗಂಟೆ ಅವನು ಸದ್ದನ್ನು ಕೇಳಿಸಿಕೊಳ್ಳುತ್ತಲೇ, ಹೇಳಿದರೂ ಬೈಗುಳ ಹೇಳದಿದ್ದರೂ ಬೈಗುಳ ಎಂಬ ಭಯವನ್ನು ಎದೆಯಲ್ಲಿಟ್ಟುಕೊಂಡು ನಿಂತಿರುತ್ತಾನೆ. ಮಿಲ್ಲಿನ ನಷ್ಟ ಲೆಕ್ಕಕ್ಕೆ ಸಿಗುತ್ತದೆ, ಆ ಭಯ ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ತಿಂಗಳುಗಟ್ಟಲೆ ಅದನ್ನು ಹೊತ್ತವನಿಗೆ ನಿದ್ರೆ ಬಾರದಿರುವುದು, ಎದೆ ಹಿಡಿದಂತಾಗುವುದು, ಪಾಳಿ ಮುಗಿದ ಮೇಲೆ ಕುಡಿತಕ್ಕೆ ಹೋಗುವುದು ಇವೆಲ್ಲ ಅಲ್ಲಿಂದಲೇ ಶುರುವಾಗಬಹುದು.

ಆದ್ದರಿಂದ ಮೊದಲ ಮಾತನ್ನು ಮೊದಲೇ ತೀರ್ಮಾನಿಸಿ ಇಟ್ಟುಕೊಳ್ಳಿ: 'ಚಲೋ ಆತು ಹೇಳಿದ್ದು.' ಅದಾದ ಮೇಲೆ ಸಂಗತಿಯ ಬಗ್ಗೆ ಪ್ರಶ್ನೆ: 'ಯಾವಾಗಿಂದ ಸದ್ದು ಐತಿ? ಕೈ ಇಡಾಕ ಬರ್ತೈತೋ ಇಲ್ಲೋ?' ನಂತರ ಇಬ್ಬರೂ ಹೋಗಿ ನೋಡುವುದು. ಗ್ರೀಸ್ ಹಾಕುವುದು ಮರೆತದ್ದು ಯಾರು ಎಂಬ ವಿಚಾರಣೆ ಮರುದಿನದ್ದು, ಅದೂ ಎಲ್ಲರೆದುರಿಗಲ್ಲ. ತಪ್ಪು ಅವನದೇ ಎಂದು ಗೊತ್ತಾದರೂ ತಪ್ಪನ್ನು ಮುಚ್ಚಿಟ್ಟವನಿಗೂ ತಾನಾಗಿ ಬಂದು ಹೇಳಿದವನಿಗೂ ಒಂದೇ ಶಿಕ್ಷೆ ಕೊಡಬೇಡಿ. ನೋಡಿ ಬಂದಮೇಲೆ ಏನು ತೀರ್ಮಾನವಾಯಿತು ಎಂಬುದನ್ನು ಸುದ್ದಿ ತಂದವನಿಗೆ ತಿಳಿಸುವುದನ್ನು ಬಹಳ ಮಂದಿ ಮರೆಯುತ್ತಾರೆ. 'ನೀ ಹೇಳಿದ ಬೇರಿಂಗ್ ಬದಲಿ ಮಾಡಿಸೀವಿ' ಎಂಬ ಒಂದು ಮಾತು ಸಾಕು, ತನ್ನ ಮಾತಿಗೆ ಬೆಲೆಯಿದೆ ಎಂದು ಅವನಿಗೆ ಖಾತ್ರಿಯಾಗುತ್ತದೆ.

ಸಂಶೋಧಕಿ ಎಮಿ ಎಡ್ಮಂಡ್‌ಸನ್ ಅವರು 1990ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡಿದಾಗ, ಒಳ್ಳೆಯ ಮೇಲ್ವಿಚಾರಣೆ ಇದ್ದ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಆ ತಂಡಗಳು ಹೆಚ್ಚು ತಪ್ಪು ಮಾಡುತ್ತಿವೆ ಎಂದು ಅವರು ಅವಸರದ ತೀರ್ಮಾನಕ್ಕೆ ಬರಲಿಲ್ಲ. ಅಲ್ಲಿ ತಪ್ಪನ್ನು ಹೇಳಿಕೊಳ್ಳುವ ಧೈರ್ಯ ಇತ್ತು, ಉಳಿದೆಡೆ ಮುಚ್ಚಿಹೋಗುತ್ತಿತ್ತು ಎಂಬುದನ್ನು ಗುರುತಿಸಿದರು.

ಬಟವಾಡೆ, ರಜೆ, ಲೆಕ್ಕದ ಚೀಟಿ

ಸಣ್ಣ ಮಾತುಗಳೆಂದರೆ ಯಾವುವು ಎಂದು ಕೇಳಬಹುದು. ಬಟವಾಡೆಯ ದಿನ ಅವುಗಳಲ್ಲಿ ಮೊದಲನೆಯದು. ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡಬೇಕೆಂಬುದು ಕಾನೂನು. ಸಂಬಳ ತಡವಾಗುತ್ತದೆ ಎಂದು ನಿಮಗೆ 3ನೇ ತಾರೀಖಿಗೇ ಗೊತ್ತಾದರೆ ಅಂದೇ ಹೇಳಿ, ಯಾವ ದಿನ ಬರುತ್ತದೆಂದು ತಿಳಿದುಕೊಂಡು ಹೇಳಿ. ಸ್ವಸಹಾಯ ಸಂಘದ ಕಂತು, ಮಗಳ ಹಾಸ್ಟೆಲ್ ಶುಲ್ಕ, ಬೀಜ ಗೊಬ್ಬರದ ಅಂಗಡಿಯ ಉದ್ರಿ ಇವೆಲ್ಲವನ್ನು ಆ ತಾರೀಖಿಗೇ ಹೊಂದಿಸಿಕೊಂಡಿರುವ ಮನೆಗೆ 'ನಾಳೆ, ನಾಡಿದ್ದು' ಎಂಬ ಮಾತು ಸಂಬಳ ತಡವಾದದ್ದಕ್ಕಿಂತ ಹೆಚ್ಚು ಕಷ್ಟ ಕೊಡುತ್ತದೆ. ಓಟಿಗೆ, ಅಂದರೆ ಹೆಚ್ಚುವರಿ ಹೊತ್ತಿನ ದುಡಿಮೆಗೆ, ದುಪ್ಪಟ್ಟು ದರ, ವಾರಕ್ಕೆ 48 ಗಂಟೆಗಳ ಮಿತಿ, 20 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ದೂರು ಪರಿಹಾರ ಸಮಿತಿ, 10 ಅಥವಾ ಹೆಚ್ಚು ಮಂದಿ ಇರುವಲ್ಲಿ ಲೈಂಗಿಕ ಕಿರುಕುಳ ತಡೆಯಲು 2013ರ ಕಾಯ್ದೆಯ ಆಂತರಿಕ ಸಮಿತಿ, ಇವೂ ಕಾನೂನಿನ ಮಾತುಗಳೇ. ಇವನ್ನು ಪಾಲಿಸದ ಜಾಗದಲ್ಲಿ ನಂಬಿಕೆಯ ಬಗ್ಗೆ ಉಪದೇಶ ಮಾಡಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ರಜೆಯ ವಿಷಯದಲ್ಲಿ ನಮ್ಮ ಭಾಗಕ್ಕೇ ವಿಶಿಷ್ಟವಾದ ತೊಡಕೊಂದಿದೆ. ಹತ್ತಿ ಮತ್ತು ಭತ್ತದ ಹಂಗಾಮು ಜೋರಾಗಿರುವಾಗಲೇ ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ಬರುತ್ತದೆ. ಹುಲಿಗೆಮ್ಮನ ಜಾತ್ರೆಗೂ ಮೊಹರಂಗೂ ಹಳ್ಳಿಗೆ ಹೋಗದೆ ಇರಲಾರದವರು ಎಲ್ಲ ತಂಡಗಳಲ್ಲೂ ಇರುತ್ತಾರೆ. ಹಬ್ಬಕ್ಕೆ ಒಂದು ತಿಂಗಳು ಮೊದಲೇ ತಂಡವನ್ನು ಕೂರಿಸಿ, ಒಟ್ಟು ಎಷ್ಟು ಮಂದಿಯನ್ನು ಬಿಡಲು ಸಾಧ್ಯ ಎಂದು ಹೇಳಿ, ಯಾರು ಯಾವ ಹಬ್ಬಕ್ಕೆ ಹೋಗುತ್ತಾರೆಂಬುದನ್ನು ಅವರೇ ತೀರ್ಮಾನಿಸಲು ಬಿಡಿ. ಪಟ್ಟಿಯನ್ನು ಬರೆದು ಗೋಡೆಗೆ ಅಂಟಿಸಿ. ಕೊನೆಗಳಿಗೆಯಲ್ಲಿ ಮಾಲೀಕರ ಒತ್ತಡ ಬಂದರೂ ಆ ಪಟ್ಟಿಯನ್ನು ಕಾಪಾಡಿ. ಬದಲಿಸಲೇಬೇಕಾದರೆ ನೀವೇ ಹೋಗಿ ಕಾರಣ ಹೇಳಿ, ಬದಲಿ ದಿನವನ್ನು ಅಲ್ಲಿಯೇ ಬರೆದುಕೊಡಿ.

ಬಳ್ಳಾರಿಯ ಹೊಲಿಗೆ ಘಟಕಗಳಲ್ಲಿ ಹೊಲಿದ ಬಟ್ಟೆಯ ಎಣಿಕೆಯ ಮೇಲೆ ಕೂಲಿ ಕೊಡುವ ಪೀಸ್ ರೇಟಿನ ಲೆಕ್ಕವೇ ಜಗಳದ ಮೂಲ. ಲೆಕ್ಕದ ಪುಸ್ತಕ ಒಬ್ಬರ ಕೈಯಲ್ಲಿ ಮಾತ್ರ ಇದ್ದರೆ ಲೆಕ್ಕ ಸರಿಯಿದ್ದರೂ ಅನುಮಾನ ಹೋಗುವುದಿಲ್ಲ. ದಿನದ ಕೊನೆಗೆ ಟೇಲರ್ ಎದುರಿಗೇ ಎಣಿಸಿ, ಒಂದೇ ಅಂಕಿಯನ್ನು ಎರಡು ಚೀಟಿಯಲ್ಲಿ ಬರೆದು ಒಂದನ್ನು ಅವರ ಕೈಗೆ ಕೊಡಿ. ವಾಷಿಂಗ್ ಮುಗಿದು ಬಂದ ಲಾಟಿನಲ್ಲಿ ದೋಷ ಕಂಡರೆ ಯಾರ ಹೊಲಿಗೆ, ಯಾವ ಬಟ್ಟೆಯ ತಪ್ಪು, ವಾಷಿಂಗ್‌ನ ತಪ್ಪು ಎಷ್ಟು ಎಂದು ನೋಡದೆ ಎಲ್ಲರ ಕೂಲಿಯಲ್ಲಿ ಮುರಿದುಕೊಳ್ಳುವ ಪದ್ಧತಿಯನ್ನು ಕೈಬಿಡಲೇಬೇಕು. ತಾನು ಮಾಡದ ತಪ್ಪಿಗೆ ದುಡ್ಡು ಕಳೆದುಕೊಂಡವರು ಆ ನೋವನ್ನು ವರ್ಷಗಟ್ಟಲೆ ಮರೆಯುವುದಿಲ್ಲ.

ಕೆಲಸದಲ್ಲಿ ಅವರ ಮಾತಿಗೂ ಜಾಗ ಕೊಡಿ

ಕರಾಸೆಕ್ ಹೇಳಿದ ಹಿಡಿತವನ್ನು ಕೊಡಲು ದೊಡ್ಡ ಬದಲಾವಣೆಗಳೇನೂ ಬೇಡ. ಎಷ್ಟು ಚೀಲ ಇಳಿಯಬೇಕು ಎಂಬುದು ನಿಮ್ಮ ತೀರ್ಮಾನ; ಯಾವ ಕ್ರಮದಲ್ಲಿ, ಎಷ್ಟು ಹೊತ್ತಿಗೊಮ್ಮೆ ಕುಳಿತು, ಯಾರು ಯಾರ ಜೊತೆ ಎಂಬುದನ್ನು ಹಮಾಲರಿಗೆ ಬಿಡಿ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ, ತುಂಗಭದ್ರಾ ಎಡದಂಡೆ ನಾಲೆಯ ಬೇಸಿಗೆ ಭತ್ತ ಮಿಲ್ಲಿಗೆ ಬರುವ ಕಾಲವೂ ಅದೇ. ಆ ದಿನಗಳಲ್ಲಿ ಇಳಿಸುವ ಕೆಲಸ ನಸುಕಿನಲ್ಲಿ ಶುರುವಾಗಿ ಹನ್ನೊಂದಕ್ಕೆ ನಿಂತು ಮತ್ತೆ ಸಂಜೆ ನಾಲ್ಕಕ್ಕೆ ಆರಂಭವಾಗಲಿ ಎಂದು ಹಮಾಲರೇ ಹೇಳಿದರೆ, ಲಾರಿ ಚಾಲಕನ ಅವಸರಕ್ಕೆ ಅದನ್ನು ತಳ್ಳಿಹಾಕಬೇಡಿ. ಕುಡಿಯುವ ನೀರಿನ ಕೊಡ ಕೆಲಸದ ಜಾಗದಲ್ಲೇ ಇರಲಿ, ನೀರು ಕುಡಿಯಲು ಹೋದವನ ಹೊತ್ತನ್ನು ಎಣಿಸಬೇಡಿ. ತಲೆ ಸುತ್ತುತ್ತಿದೆ ಎಂದವನನ್ನು ನೆಪ ಹೇಳುತ್ತಿದ್ದಾನೆ ಎಂದು ಅನುಮಾನಿಸುವ ಸೂಪರ್‌ವೈಸರ್ ಒಬ್ಬ ಮನುಷ್ಯನ ಜೀವವನ್ನೇ ಪಣಕ್ಕಿಟ್ಟಂತೆ.

ಒಬ್ಬರು ಒಳಗೊಳಗೇ ಕುಸಿಯುತ್ತಿದ್ದರೆ

ಮೊದಲು ಚುರುಕಾಗಿದ್ದವರು ಮಂಕಾಗುವುದು, ಊಟದ ಹೊತ್ತಿಗೆ ಒಬ್ಬರೇ ಹೋಗಿ ಕೂರುವುದು, ಸಣ್ಣ ಮಾತಿಗೆ ಸಿಡುಕುವುದು, ಪದೇ ಪದೇ ಗೈರುಹಾಜರಾಗುವುದು, ಯಂತ್ರದ ಮುಂದೆ ಗಮನ ತಪ್ಪುವುದು, ಇಂಥ ಬದಲಾವಣೆ ಎರಡು ವಾರ ಮುಂದುವರಿದರೆ ಸುಮ್ಮನೆ ಬಿಡಬೇಡಿ. ಪಕ್ಕಕ್ಕೆ ಕರೆದು, ಕುಳಿತುಕೊಂಡು ಕೇಳಿ: 'ಯಾಕೋ ತಮ್ಮ, ಇತ್ತೀಚಿಗೆ ಮೊದ್ಲಿನಂಗ ಇಲ್ಲಲ್ಲ. ಮನ್ಯಾಗ ಎಲ್ಲಾ ಅರಾಮ ಅದಾರಿಲ್ಲೋ?' ಉತ್ತರ ಕೂಡಲೇ ಬರದಿರಬಹುದು, ಕೆಲವು ದಿನ ಬಿಟ್ಟು ಮತ್ತೆ ಕೇಳಿ. ಅವರು ಹೇಳಿದ್ದು ನಿಮ್ಮಲ್ಲೇ ಉಳಿಯಬೇಕು. ಚಹಾದಂಗಡಿಯಲ್ಲಿ ಅದು ಮಾತಾಗಿ ಹೊರಬಿದ್ದರೆ ಮುಂದೆ ಯಾರೂ ನಿಮ್ಮೆದುರು ಬಾಯಿ ಬಿಡುವುದಿಲ್ಲ. ಆದರೆ ಜೀವ ಕಳೆದುಕೊಳ್ಳುವ ಮಾತು ಬಂದರೆ ಅದನ್ನು ಗುಟ್ಟಾಗಿಡಬಾರದು, ಅವರನ್ನು ಒಬ್ಬರೇ ಬಿಡದೆ ಮನೆಯವರನ್ನು ಕರೆಸಿ ಆಸ್ಪತ್ರೆಗೆ ಕರೆದೊಯ್ಯಬೇಕು.

ನೀವು ವೈದ್ಯರಾಗಬೇಕಿಲ್ಲ, ದಾರಿ ತೋರಿಸಿದರೆ ಸಾಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಯನ್ನು ಹಾಜರಿ ಪುಸ್ತಕದ ಪಕ್ಕದ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ. ನಮ್ಮ ಭಾಗದವರು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿಯೊಂದಿದೆ: ಮಾನಸಿಕ ಚಿಕಿತ್ಸೆ ದೊಡ್ಡ ಊರಿನ ದೊಡ್ಡ ಆಸ್ಪತ್ರೆಯಲ್ಲಷ್ಟೇ ಅಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಸಿಗಬೇಕು ಎಂಬ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿತು. 'ಬಳ್ಳಾರಿ ಮಾದರಿ' ಎಂದೇ ಹೆಸರಾದ ಅದರ ಆಧಾರದ ಮೇಲೆ 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದ ಬೇರೆ ಬೇರೆ ಜಿಲ್ಲೆಗಳಿಗೆ ಹರಡಿತು. ಆದ್ದರಿಂದ ಮನಸ್ಸಿನ ಕಾಯಿಲೆಗೆ ಆಸ್ಪತ್ರೆಗೆ ಹೋಗುವುದು ನಾಚಿಕೆಯ ವಿಷಯವೆಂದು ಯಾರಾದರೂ ಹಿಂಜರಿದರೆ, ಇದು ನಮ್ಮ ಜಿಲ್ಲೆಯಿಂದಲೇ ದೇಶಕ್ಕೆ ಹೋದ ವ್ಯವಸ್ಥೆ ಎಂದು ಹೇಳಿ, ಅರ್ಧ ದಿನದ ರಜೆ ಕೊಟ್ಟು, ಆ ಅರ್ಧ ದಿನದ ಕೂಲಿ ಮುರಿಯದೆ ಕಳುಹಿಸಿ.

ಮಾಲೀಕರು ನೋಡಬೇಕಾದದ್ದು

ಸೂಪರ್‌ವೈಸರ್ ಕೂಡ ಇನ್ನೊಬ್ಬರ ಕೈಕೆಳಗಿನ ನೌಕರರೇ. ನೀವು ಫೋನಿನಲ್ಲಿ ಅವರನ್ನು ಹೇಗೆ ಮಾತಾಡಿಸುತ್ತೀರೋ ಆ ಧ್ವನಿ ಹತ್ತು ನಿಮಿಷದಲ್ಲಿ ಪಾಳಿಯ ಕೊನೆಯ ಹೆಲ್ಪರ್‌ವರೆಗೆ ಇಳಿಯುತ್ತದೆ. ಹನ್ನೆರಡು ಗಂಟೆ ನಿಂತು ದಣಿದವರಿಂದ ಸಮಾಧಾನದ ಮಾತನ್ನು ನಿರೀಕ್ಷಿಸುವುದು ನ್ಯಾಯವಲ್ಲ, ಹಾಗಾಗಿ ಅವರ ಪಾಳಿಗೂ ಮಿತಿ ಇರಲಿ, ರಜೆಯ ಪಟ್ಟಿಯಲ್ಲಿ ಅವರ ಹೆಸರೂ ಇರಲಿ. ಅವರು ತಂಡಕ್ಕೆ ಕೊಟ್ಟ ಮಾತನ್ನು ನೀವು ಎಲ್ಲರೆದುರು ಮುರಿದರೆ ಅವರ ಮೇಲಿನ ನಂಬಿಕೆಯೂ ಅಂದಿಗೇ ಮುಗಿಯುತ್ತದೆ.

ಬದಲಾವಣೆ ಆಗುತ್ತಿದೆಯೇ ಎಂದು ಅಳೆಯುವಾಗ ಒಂದು ಎಚ್ಚರಿಕೆ ಬೇಕು. ಆಸ್ಪತ್ರೆಗಳಲ್ಲಿ ಕಂಡಂತೆಯೇ ಮೊದಲ ಕೆಲವು ತಿಂಗಳು ದೂರುಗಳು, ಯಂತ್ರದ ಸಣ್ಣಪುಟ್ಟ ತೊಂದರೆಗಳ ವರದಿಗಳು ಹೆಚ್ಚಾಗಿ ಬರಬಹುದು. ಮುಚ್ಚಿಟ್ಟದ್ದು ಹೊರಗೆ ಬರುತ್ತಿದೆ ಎಂದು ತಿಳಿದು, ಆ ಸೂಪರ್‌ವೈಸರ್‌ನನ್ನು ಅಸಮರ್ಥ ಎಂದು ಬದಲಿಸದೆ ಬೆಂಬಲಿಸಿ. ಅದಾದ ಮೇಲೆ ಹಾಜರಿ ಪುಸ್ತಕದಲ್ಲಿ ಹೇಳದೆ ಕೇಳದೆ ತಪ್ಪಿಸಿದ ದಿನಗಳು ಕಡಿಮೆಯಾಗಿವೆಯೇ, ಯುಗಾದಿಗೆ ಊರಿಗೆ ಹೋದವರು ಮರಳಿ ಬಂದರೇ, ಹೊಸಬರು ಯಂತ್ರ ಕಲಿಯಲು ಯಾರನ್ನು ಕೇಳುತ್ತಿದ್ದಾರೆ ಎಂಬುದನ್ನು ನೋಡಿ. ಗುತ್ತಿಗೆ ತಂಡದವರನ್ನು ಮಾತಾಡಿಸುವಾಗ ಮುಕಾದಮನನ್ನು ಬೇರೆ ಕೆಲಸಕ್ಕೆ ಕಳುಹಿಸಿ, ಹೊರರಾಜ್ಯದವರಾದರೆ ಅವರ ಭಾಷೆ ಬಲ್ಲ ಒಬ್ಬರನ್ನು ಜೊತೆಗಿಟ್ಟುಕೊಂಡು, ಸಂಬಳ ಪೂರ್ತಿ ಕೈಸೇರುತ್ತಿದೆಯೇ, ಹುಷಾರಿಲ್ಲದಾಗ ಯಾರಿಗೆ ಹೇಳುತ್ತೀರಿ ಎಂಬ ಎರಡು ಪ್ರಶ್ನೆಗಳನ್ನು ಕೇಳಿ. ಎರಡನೆಯ ಪ್ರಶ್ನೆಗೆ ಒಬ್ಬರ ಹೆಸರೂ ಬರದಿದ್ದರೆ ಕೆಲಸವನ್ನು ಆ ತಂಡದಿಂದಲೇ ಶುರು ಮಾಡಿ.